ಎದೆಯ ಪ್ಲೇಟು, ಹಕ್ಕಿಯ ಪ್ಲೇಟು

ನಾನು ಫೋಟೋ ಅಂಗಡಿಯಲ್ಲಿ ಮುಖ ತಿದ್ದುವವನು. ಪುಣೆಯ ಲಷ್ಕರ ಭಾಗದ ಒಂದು ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕಿಗೆ ನೆಗೆಟಿವ್ ಹಿಡಿದು, ಚೂಪಾದ ಪೆನ್ಸಿಲಿನಿಂದ ಜನರ ಮೊಡವೆ, ಸಿಡುಬಿನ ಕಲೆ, ಕಣ್ಣ ಕೆಳಗಿನ ಗೆರೆ ಇವನ್ನೆಲ್ಲ ಇಲ್ಲವಾಗಿಸುವುದು ನನ್ನ ಹೊಟ್ಟೆಪಾಡು. ನೆಗೆಟಿವ್‌ನಲ್ಲಿ ಎಲ್ಲವೂ ತಿರುವುಮುರುವು. ಮುಖದ ಕಪ್ಪು ಕಲೆ ಅಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಆ ಬಿಳಿಯನ್ನು ಪೆನ್ಸಿಲಿನಿಂದ ತುಂಬಿದರೆ ಫೋಟೋದಲ್ಲಿ ಕಲೆ ಮಾಯ. ಇಷ್ಟು ತಿಳಿದಿದ್ದರೆ ನನ್ನ ಕತೆ ಅರ್ಥವಾಗುತ್ತದೆ. ರೋಗದ ಬಗ್ಗೆ ಹೆಚ್ಚು ತಿಳಿಯಬೇಕಾದವರು ಡಾಕ್ಟರರನ್ನು ಕೇಳಬೇಕು, ನನ್ನನ್ನಲ್ಲ.

ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ, ಅರ್ಧ ದಿನ ಮಾತ್ರ. ಮೆಟ್ಟಿಲು ಹತ್ತಿದರೆ ಈಗಲೂ ನಡುವೆ ನಿಲ್ಲಬೇಕು. ದವಾಖಾನೆಯ ಬೆಂಚಿನ ಮೇಲೆ ಬಾಯಿಗೆ ಕರವಸ್ತ್ರ ಹಿಡಿದು ಕುಳಿತವರನ್ನು ಕಂಡಾಗಲೆಲ್ಲ, ಇವರ ಪಕ್ಕ ಕುಳಿತು ಒಂದಿಷ್ಟು ಮಾತಾಡಬೇಕು ಎನಿಸುತ್ತದೆ. ಮಾತಾಡಿದರೆ ಉಸಿರು ಸಾಲುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಯುದ್ಧದ ಕಾಲ ಅದು. ದೀಪಾವಳಿ ಕಳೆದ ಮೇಲೆ ಸಂಜೆಯಾದರೆ ಸಣ್ಣ ಜ್ವರ ಬರತೊಡಗಿತ್ತು. ನಾನು ಅದನ್ನು ಲೆಕ್ಕಕ್ಕಿಡಲಿಲ್ಲ. ಲೆಕ್ಕಕ್ಕಿಟ್ಟವಳು ನನ್ನ ಹೆಂಡತಿ ಕೃಷ್ಣಾ. ಒಂದು ಬೆಳಿಗ್ಗೆ ನಾನು ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಅವಳು ನನ್ನ ಕುತ್ತಿಗೆಯನ್ನೇ ನೋಡುತ್ತ ನಿಂತಳು.

"ಕಾಲರ್ ಸಡ್ಲ ಆಗ್ಯದಲ್ರಿ," ಎಂದಳು. "ಅಂಗಿ ಅಂತೂ ದೊಡ್ಡದಾಗಿಲ್ಲ. ನೀವs ಸಣ್ಣ ಆಗೀರಿ."

"ನಿನ್ನ ಅಡಗಿ ಉಂಡು ಯಾವನು ದಪ್ಪ ಆಗ್ತಾನ?" ಎಂದು ನಾನು ನಗೆಯಾಡಿದೆ. ಅವಳು ನಗಲಿಲ್ಲ. ಅದೇ ವಾರ ಕೆಮ್ಮಿದಾಗ ಕರವಸ್ತ್ರದಲ್ಲಿ ರಕ್ತ ಕಂಡಿತು. ಅದನ್ನು ಮಡಚಿ ಜೇಬಿಗಿಟ್ಟುಕೊಂಡೆ. ಆದರೆ ಬಟ್ಟೆ ಒಗೆಯುವವಳಿಂದ ಏನನ್ನಾದರೂ ಮುಚ್ಚಿಡಲು ಸಾಧ್ಯವೇ? ಮರುದಿನ ಅವಳೇ ಟಾಂಗಾ ತಂದು ನಾವು ಬಾಡಿಗೆಗಿದ್ದ ವಾಡೆಯ ಬಾಗಿಲಲ್ಲಿ ನಿಲ್ಲಿಸಿದಳು.

ಡಾಕ್ಟರರು ಎದೆ ತಟ್ಟಿ, ಬೆನ್ನು ತಟ್ಟಿ, ಎಕ್ಸರೇಗೆ ಕಳಿಸಿದರು. ಪ್ಲೇಟು ಕೈಗೆ ಬಂದಾಗ ಅದಿನ್ನೂ ತೊಳೆದ ದ್ರಾವಣದ ವಾಸನೆ ಬಿಡುತ್ತಿತ್ತು, ನನಗೆ ಪರಿಚಯದ ವಾಸನೆ. ಅದನ್ನು ಡಾಕ್ಟರರಿಗೆ ಒಯ್ಯುವ ಮೊದಲು ದವಾಖಾನೆಯ ಮೊಗಸಾಲೆಯ ಕಿಟಕಿಗೆ ಹಿಡಿದು ನಾನೇ ನೋಡಿದೆ. ಯಾರ ನೆಗೆಟಿವ್ ಸಿಕ್ಕರೂ ಬೆಳಕಿಗೆ ಹಿಡಿಯದೆ ಇರಲಾರದ ಕೈ ನನ್ನದು. ಎಡಗಡೆ, ಕೊರಳ ಎಲುಬಿನ ಕೆಳಗೆ ಹಿಂಜಿದ ಹತ್ತಿಯಂತೆ ಒಂದು ಬಿಳಿ ಕಲೆ. ಮೊದಲು ನನಗೆ ಹೆದರಿಕೆ ಆಗಲಿಲ್ಲ. ಇಷ್ಟು ದೊಡ್ಡ ಕಲೆ ತುಂಬಲು ಎರಡು ದಿನ ಬೇಕು ಎಂದು ಮಾತ್ರ ಅನಿಸಿತು. ಹೆದರಿಕೆ ಬಂದದ್ದು ಆಮೇಲೆ, ಬೆಂಚಿನ ಮೇಲೆ ಕೃಷ್ಣಾಳ ಪಕ್ಕ ಕುಳಿತಾಗ.

ಡಾಕ್ಟರರು ಒಳ್ಳೆಯವರು. ರೋಗದ ಹೆಸರನ್ನು ಒಂದೇ ಸಲ, ಮೆಲ್ಲಗೆ ಹೇಳಿದರು. ಆಮೇಲೆ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಲಿಲ್ಲ, "ಅದು" ಎಂದೇ ಕರೆದೆವು. ಹಾಲು, ವಿಶ್ರಾಂತಿ, ಕ್ಯಾಲ್ಸಿಯಂ ಸೂಜಿ, ಮೀನೆಣ್ಣೆ. ಮಡಿವಂತರ ಮನೆಯ ಕೃಷ್ಣಾ ಆ ಮೀನೆಣ್ಣೆಯ ಶೀಸೆಯನ್ನು ದೇವರ ಗೂಡಿಗೆ ಬೆನ್ನು ಮಾಡಿ ಇಟ್ಟು, ನಾನು ಕುಡಿಯುವಾಗ ತಾನೇ ಮೂಗು ಹಿಡಿದುಕೊಳ್ಳುತ್ತಿದ್ದಳು. ಭಾರ ಎತ್ತಕೂಡದು, ಹೆಚ್ಚು ಮಾತಾಡಕೂಡದು. ಬೇಸಿಗೆ ಬಂದ ಮೇಲೆ ಬೆಳಗಿನ ತಂಪಿನಲ್ಲಿ ತೋಟದ ಗಾಳಿಗೆ ನಿಧಾನವಾಗಿ ಅಡ್ಡಾಡಬಹುದು. ಮಳೆಗಾಲ ಹಿಡಿದಾಗ ಇನ್ನೊಂದು ಪ್ಲೇಟು ತೆಗೆಸಬೇಕು. ಕಲೆ ಕರಗಿದ್ದರೆ ಸರಿ, ಬೆಳೆದಿದ್ದರೆ ಮೀರಜದ ದೊಡ್ಡ ಆಸ್ಪತ್ರೆಗೆ ಹೋಗಿ ಶಸ್ತ್ರಕ್ರಿಯೆ ಮಾಡಿಸಿ ಪಕ್ಕೆಲುಬು ತೆಗೆಸಬೇಕು.

"ಮತ್ತ ಮಗಳು?" ಎಂದು ಕೃಷ್ಣಾ ಮರಾಠಿಯಲ್ಲಿ ಕೇಳಿದಳು. ಡಾಕ್ಟರರು ಪ್ಲೇಟನ್ನು ಲಕೋಟೆಗೆ ಸೇರಿಸಿದರು. ಕಲೆ ಕರಗುವವರೆಗೆ ಮಗು ಆ ಮನೆಯಲ್ಲಿ ಬೇಡ ಎಂದರು.

ಸರಸು ಆಗಷ್ಟೇ ಸಾಲೆಗೆ ಹೋಗತೊಡಗಿದ್ದಳು. ಧಾರವಾಡದಿಂದ ಅತ್ತೆಯವರು ಬಂದು ಅವಳನ್ನು ಕರೆದೊಯ್ದರು. ಹೊರಡುವಾಗ ಅವಳು ನನ್ನ ಕಡೆ ಓಡಿ ಬಂದಳು. ಅತ್ತೆ ತೋಳು ಹಿಡಿದು ನಿಲ್ಲಿಸಿ, "ಅಲ್ಲಿಂದs ನಮಸ್ಕಾರ ಮಾಡವಾ, ಅಪ್ಪಗ ಆರಾಮಿಲ್ಲ," ಎಂದರು. ಮಗು ಹೊಸ್ತಿಲ ಆಚೆಯಿಂದಲೇ ಕೈ ಮುಗಿಯಿತು. ಅತ್ತೆಯವರದು ತಪ್ಪಲ್ಲ. ಆದರೂ ಅವತ್ತು ಅವರ ಮೇಲೆ ನನಗೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಆಮೇಲೆ ದಣಿವು. ಕೆಲಸ ಮಾಡಿ ದಣಿಯುವುದು ಬೇರೆ, ಮಲಗಿ ಮಲಗಿ ದಣಿಯುವುದು ಬೇರೆ. ಎದ್ದು ಕೂರುವುದಕ್ಕೆ ದಣಿವು, ಹೊರಳುವುದಕ್ಕೆ ದಣಿವು, ಯಾರಾದರೂ ಹೇಗಿದ್ದೀರಿ ಎಂದರೆ ಉತ್ತರ ಹುಡುಕುವುದಕ್ಕೆ ದಣಿವು. ವಾಡೆಯ ಮುಂಭಾಗದ ಕೋಣೆ ನನ್ನದಾಯಿತು. ನನ್ನ ತಾಟು, ನನ್ನ ತಂಬಿಗೆ ಬೇರೆಯಾದವು. ಕೃಷ್ಣಾ ಅಡುಗೆಮನೆಯಲ್ಲಿ ಮಲಗುತ್ತಿದ್ದಳು. ಎರಡೂ ಕೋಣೆಗಳ ನಡುವೆ ಒಂದು ಸಣ್ಣ ಕಂಡಿ ಇತ್ತು, ಹಿಂದೆ ಯಾರೋ ದೀಪ ಇಡಲು ಮಾಡಿಸಿದ್ದು. ಊಟವನ್ನು ಅವಳು ಆ ಕಂಡಿಯಿಂದ ಸರಿಸುತ್ತಿದ್ದಳು. ಮೊದಮೊದಲು ಬಾಗಿಲಿಂದಲೇ ಬರುತ್ತಿದ್ದವಳು, ನಾನೇ ಹಟ ಹಿಡಿದ ಮೇಲೆ ಹಾಗೆ ಮಾಡಿದಳು.

ಮನೆಯ ಒಡತಿ, ನಾವೆಲ್ಲ ಕಾಕೂ ಎನ್ನುತ್ತಿದ್ದ ವಿಧವೆ, ನಾನು ಮೆಟ್ಟಿಲಿಳಿದು ಹೋದ ಬೆನ್ನಿಗೇ ಫಿನಾಯಿಲ್ ನೀರು ಸುರಿದು ತೊಳೆಸುತ್ತಿದ್ದಳು. ನನಗೆ ಕೇಳಲಿ ಎಂದೇ ಬಕೀಟಿನ ಸದ್ದು ಮಾಡುತ್ತಿದ್ದಳು. ಆದರೆ ಬಿಸಿಲು ಏರಿದ ಮೇಲೆ ದಿನವೂ ನಮ್ಮ ಕಟ್ಟೆಯ ತುದಿಯಲ್ಲಿ ಒಂದು ಲೋಟ ಕೋಕಂ ಶರಬತ್ತು ಮುಚ್ಚಿಟ್ಟಿರುತ್ತಿತ್ತು. ಇಟ್ಟವರು ಯಾರೆಂದು ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಲೋಟವನ್ನು ಮಾತ್ರ ಅವಳು ಮನೆಯೊಳಗೆ ಒಯ್ಯಲಿಲ್ಲ, ಅದು ಕಟ್ಟೆಯ ಮೇಲೇ ಇರುತ್ತಿತ್ತು.

ಸ್ಟುಡಿಯೋದ ಮಾಲಕರು ಬಾಗಿಲ ಹೊರಗೆ ನಿಂತೇ ನನ್ನನ್ನು ನೋಡಿ ಹೋಗುತ್ತಿದ್ದರು. ತಿದ್ದುವ ಕೆಲಸ ನಿಲ್ಲುವಂತಿರಲಿಲ್ಲ. ಸೈನ್ಯಕ್ಕೆ ಹೊರಟವರೆಲ್ಲ ಮನೆಗೆ ಕಳಿಸಲು ಫೋಟೋ ತೆಗೆಸುತ್ತಿದ್ದರು. ನನಗೆ ಬಗ್ಗಿ ಕೂರುವುದಕ್ಕೆ ಅಪ್ಪಣೆ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ಕೃಷ್ಣಾಳಿಗೆ ಹೊತ್ತು ಹೋಗಲೆಂದು ನಾನು ಈ ವಿದ್ಯೆ ಕಲಿಸಿದ್ದೆ. ಈಗ ಅಡುಗೆಮನೆಯ ಕಿಟಕಿಗೆ ಇಳಿಜಾರಿನ ಮೇಜು ಇಟ್ಟುಕೊಂಡು ಅವಳೇ ನೆಗೆಟಿವ್ ತಿದ್ದತೊಡಗಿದಳು. ಪೆನ್ಸಿಲು ಹಿಡಿಯಲೆಂದು ಮೊದಲು ವಾರ್ನಿಶ್ ತೆಳ್ಳಗೆ ಸವರುವುದು, ಆಮೇಲೆ ಪೆನ್ಸಿಲ್. ಅವಳ ಕೈ ಚೊಕ್ಕ, ಆದರೆ ಗೆರೆಗಳೆಲ್ಲ ಎಡಕ್ಕೆ ವಾಲುತ್ತಿದ್ದವು. ಎಷ್ಟು ಹೇಳಿದರೂ ಆ ವಾಲು ಹೋಗಲಿಲ್ಲ. ಮಧ್ಯಾಹ್ನ ನಾನು ಕಡ್ಡಾಯದ ನಿದ್ದೆಗೆ ಕಣ್ಣು ಮುಚ್ಚಿದಾಗ ಕಂಡಿಯಿಂದ ಪೆನ್ಸಿಲಿನ ಸರಸರ ಕೇಳಿಸುತ್ತಿತ್ತು. ಆ ಸದ್ದು ಇದ್ದರೆ ನನಗೆ ನಿದ್ದೆ ಬರುತ್ತಿತ್ತು.

ಹೋಳಿ ಕಳೆದ ಮೇಲೆ ನದಿಯ ದಂಡೆಯ ಬಂಡ್ ಗಾರ್ಡನ್ನಿಗೆ ಹೋಗತೊಡಗಿದೆವು. ಅಷ್ಟು ಹೊತ್ತಿಗೆ ನಮ್ಮ ಡಾಕ್ಟರರು ಸೈನ್ಯಕ್ಕೆ ಸೇರಿ ಎಲ್ಲಿಗೋ ಹೋಗಿಯಾಗಿತ್ತು. ಬಿಸಿಲು ಬಲಿಯುವ ಮೊದಲೇ ಟಾಂಗಾದವನು ಗೇಟಿನ ಬಳಿ ಇಳಿಸುತ್ತಿದ್ದ. ಅಲ್ಲಿಂದ ಮೊದಲ ಬೆಂಚು, ಅಲ್ಲಿ ಕೂರುವುದು. ಎರಡನೆಯ ಬೆಂಚು, ಮತ್ತೆ ಕೂರುವುದು. ನನ್ನ ಅಡ್ಡಾಟ ಎಂದರೆ ಅಷ್ಟೇ. ಮೊದಲ ದಿನ ಅದು ನನಗೆ ಅವಮಾನವೆನಿಸಿತು. ನನ್ನಪ್ಪನ ವಯಸ್ಸಿನ ಮುದುಕರು ಕೋಲು ಬೀಸುತ್ತ ನನ್ನನ್ನು ದಾಟಿ ಹೋಗುತ್ತಿದ್ದರು.

ಕುಳಿತವನಿಗೆ ಕಣ್ಣಿಗಾದರೂ ಏನಾದರೂ ಕೆಲಸ ಬೇಕಲ್ಲ. ನಾನು ಹಕ್ಕಿ ನೋಡತೊಡಗಿದೆ. ನನ್ನ ಜೀವಮಾನವೆಲ್ಲ ಬಣ್ಣದ ಪರದೆಯ ಮುಂದೆ ಕುಳಿತ ಮುಖಗಳನ್ನು ನೋಡಿದವನು, ಹಕ್ಕಿ ಎಂದರೆ ನನಗೆ ಕಾಗೆ, ಗುಬ್ಬಿ, ಗಿಳಿ. ಆ ಬೇಸಿಗೆಯಲ್ಲಿ ಹಳದಿ ಮೈಯ ಹೊನ್ನಕ್ಕಿ ಕಂಡೆ. ನೆತ್ತಿಯ ಮೇಲೆ ಬೀಸಣಿಗೆ ಬಿಚ್ಚಿ ಮುಚ್ಚುವ ಹಕ್ಕಿ ಹುಲ್ಲು ಕುಟ್ಟುವುದು ಕಂಡೆ. ನದಿಯ ಮೇಲೆ ಮಿಂಚುಳ್ಳಿ ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತ ನಿಲ್ಲುವುದು ಕಂಡೆ. ಎಲ್ಲೋ ಮರದ ತುದಿಯಲ್ಲಿ ಕೂತ ಒಂದು ಪುಟ್ಟ ಹಕ್ಕಿ ಟುಕ್ ಟುಕ್ ಎಂದು ತಾಮ್ರ ಬಡಿದಂತೆ ಕೂಗುತ್ತಲೇ ಇರುತ್ತಿತ್ತು. ಅದಕ್ಕೆ ದಣಿವೇ ಇಲ್ಲವಲ್ಲ ಎಂದು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಮಾಲಕರಿಗೆ ಇದು ಹೇಗೋ ತಿಳಿಯಿತು. ಸ್ಟುಡಿಯೋದ ಹಳೆಯ ಮರದ ಕ್ಯಾಮೆರಾ, ಅದರ ಮೂರು ಕಾಲಿನ ಸ್ಟ್ಯಾಂಡು, ಕರಿಬಟ್ಟೆ, ಮತ್ತೆ ಅಲಮಾರಿಯ ತಳದಲ್ಲಿ ಅವಧಿ ಮೀರಿ ಬಿದ್ದಿದ್ದ ಗಾಜಿನ ಪ್ಲೇಟುಗಳ ಪೆಟ್ಟಿಗೆ ಎಲ್ಲವನ್ನೂ ಟಾಂಗಾದಲ್ಲಿ ಕಳಿಸಿದರು. ಯುದ್ಧದ ಕಾಲದಲ್ಲಿ ಹೊಸ ಪ್ಲೇಟು ಸಿಗುವುದೇ ಕಷ್ಟ, ಹಳೆಯದಾದರೂ ಕಳಿಸಿದರಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ನಾನು ಭಾರ ಎತ್ತುವಂತಿರಲಿಲ್ಲ. ಇಳಕಲ್ ಸೀರೆಯ ಕಚ್ಚೆ ಬಿಗಿದು, ಹೆಗಲ ಮೇಲೆ ಸ್ಟ್ಯಾಂಡು ಹೊತ್ತು ಕೃಷ್ಣಾ ನನ್ನ ಹಿಂದೆ ಬರುತ್ತಿದ್ದಳು. ಗೋರಾ ಸೋಲ್ಜರರು ನಿಂತು ನೋಡುತ್ತಿದ್ದರು.

"ಮಂದಿ ನೋಡ್ಲಿಕ್ಹತ್ಯಾರ," ಎಂದು ನಾನು ಗೊಣಗಿದರೆ,

"ನೋಡ್ಲಿ ಬಿಡ್ರಿ. ಅವರೇನ ಹೊತ್ಕೊಂಡು ಬರ್ತಾರೇನು?" ಎನ್ನುತ್ತಿದ್ದಳು.

ಆ ಬೂದು ಹಕ್ಕಿಯನ್ನು ಮೊದಲು ಕಂಡವಳೂ ಅವಳೇ. ಹದ್ದಿನಷ್ಟು ದೊಡ್ಡದು, ಉದ್ದ ಬಾಲ, ಬಾಗಿದ ದಪ್ಪ ಕೊಕ್ಕಿನ ಮೇಲೆ ಸಣ್ಣದೊಂದು ಕೊಂಬು. ತೋಟದವರು ಅದನ್ನು ಧನೇಶ ಎನ್ನುತ್ತಿದ್ದರು. ನಮ್ಮ ಭಾಷೆಯಲ್ಲಿ ಮಂಗಟ್ಟೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ದಂಡೆಯ ಇಳಿಜಾರಿನಲ್ಲಿ ಒಂದು ಹಳೆಯ ಹುಣಸೆಮರ. ಅದರ ಕಾಂಡದ ಪೊಟರೆಯ ಬಾಯಿಯನ್ನು ಮಣ್ಣೋ ಹಿಕ್ಕೆಯೋ ಮೆತ್ತಿ ಮುಚ್ಚಲಾಗಿತ್ತು, ಒಂದು ಕಿರಿದಾದ ಸೀಳು ಮಾತ್ರ ಉಳಿದಿತ್ತು. ಗಂಡು ಹಕ್ಕಿ ಬಂದು ತೊಗಟೆಗೆ ಆತುಕೊಂಡು, ಗಂಟಲಿನಿಂದ ಒಂದೊಂದೇ ಹಣ್ಣು ಹೊರತೆಗೆದು ಆ ಸೀಳಿಗೆ ಹಿಡಿಯುತ್ತಿತ್ತು. ಒಳಗಿನಿಂದ ಒಂದು ಕೊಕ್ಕಿನ ತುದಿ ಬಂದು ಹಣ್ಣನ್ನು ತೆಗೆದುಕೊಳ್ಳುತ್ತಿತ್ತು. ಹೆಣ್ಣು ಒಳಗೇ ಕುಳಿತು ಮೊಟ್ಟೆ, ಮರಿ ನೋಡಿಕೊಳ್ಳುತ್ತದಂತೆ, ಬೇಸಿಗೆ ಮುಗಿಯುವವರೆಗೆ ಹೊರಗೆ ಬರುವುದೇ ಇಲ್ಲವಂತೆ.

ನಾವು ಬಹಳ ಹೊತ್ತು ನಿಂತು ನೋಡಿದೆವು.

"ನಮ್ಮ ಮನೀ ಕಂಡಿ ಹಂಗs ಅದಲ್ರಿ," ಎಂದಳು ಕೃಷ್ಣಾ. ಆಮೇಲೆ, "ಇಲ್ಲಿ ಗಂಡಸು ದುಡೀತದ, ನಮ್ಮನ್ಯಾಗ ನಾನು," ಎಂದು ನಕ್ಕಳು. ಸರಸು ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಆ ಸೀಳಿನ ಮುಂದೆ ಹಣ್ಣು ಹಿಡಿದ ಹಕ್ಕಿಯ ಫೋಟೋ ತೆಗೆಯಬೇಕು ಎಂಬುದು ನನಗೆ ಹುಚ್ಚಾಗಿ ಹಿಡಿಯಿತು. ದಂಡೆಯ ಮೇಲಿಂದ ಪೊಟರೆ ನೇರಕ್ಕೆ ಕಾಣುತ್ತಿತ್ತು. ಕ್ಯಾಮೆರಾ ನಿಲ್ಲಿಸಿ, ಉದ್ದನೆಯ ರಬ್ಬರ್ ನಳಿಗೆ ಜೋಡಿಸಿ, ಅದರ ತುದಿಯ ಚೆಂಡಿನಂಥ ಬುರುಡೆ ಕೈಯಲ್ಲಿ ಹಿಡಿದು ಪೊದೆಯ ಹಿಂದೆ ಕೂರುತ್ತಿದ್ದೆ. ಬುರುಡೆ ಒತ್ತಿದರೆ ಫೋಟೋ. ಒತ್ತುವ ಹೊತ್ತಿಗೆ ಸರಿಯಾಗಿ ಕೆಮ್ಮು ಬರುತ್ತಿತ್ತು. ತಡೆದಷ್ಟೂ ಎದೆಯೊಳಗೆ ತುರಿಸಿ, ಕೊನೆಗೆ ಇಡೀ ಮೈ ಅಲುಗಿಸಿಕೊಂಡು ಹೊರಗೆ ಬೀಳುತ್ತಿತ್ತು. ಹಕ್ಕಿ ಕಿರುಚಿ ನದಿಯಾಚೆ ಹಾರುತ್ತಿತ್ತು. ಎಷ್ಟೋ ಬೆಳಗು ಹೀಗೇ ಹೋದವು. ಒಳಗೆ ಕುಳಿತ ಹೆಣ್ಣಿಗೆ ನನ್ನ ಕೆಮ್ಮಿನಿಂದ ಉಪವಾಸ ಎಂದು ಕೃಷ್ಣಾ ಬೈದಳು.

ಒಂದು ದಿನ ಸೋತು ಬುರುಡೆಯನ್ನು ಅವಳ ಕೈಗೆ ಕೊಟ್ಟೆ. "ಹಣ್ಣು ಕೊಕ್ಕಿನ ತುದಿಗೆ ಬಂದಾಗ ಒತ್ತು, ಮೊದಲೂ ಬ್ಯಾಡ, ಆಮ್ಯಾಲೂ ಬ್ಯಾಡ," ಎಂದು ಹೇಳಿ ದೂರದ ಬೆಂಚಿಗೆ ಹೋಗಿ, ನದಿಯ ಕಡೆ ಮುಖ ಮಾಡಿ ಮನಸಾರೆ ಕೆಮ್ಮಿದೆ. ಕೆಮ್ಮುವುದಕ್ಕೂ ಒಂದು ಸುಖವಿದೆ ಎಂದು ಅವತ್ತು ತಿಳಿಯಿತು. ತಿರುಗಿ ನೋಡಿದಾಗ ಅವಳು ಪೊದೆಯ ಹಿಂದಿನಿಂದ ಎದ್ದು, ಬುರುಡೆಯನ್ನು ಮೇಲೆತ್ತಿ ತೋರಿಸುತ್ತಿದ್ದಳು.

ಪ್ಲೇಟನ್ನು ಮಾಲಕರೇ ತೊಳೆದು ಕಳಿಸಿದರು. ಹಳೆಯ ಪ್ಲೇಟಾದ್ದರಿಂದ ಅಂಚಿನಲ್ಲಿ ಮಂಜು ಹಿಡಿದಿತ್ತು, ಆದರೆ ಹಕ್ಕಿ ಬಂದಿತ್ತು. ಕೊಕ್ಕು, ಹಣ್ಣು, ರೆಕ್ಕೆಯ ಗೆರೆ ಎಲ್ಲವೂ. ತಿದ್ದಬೇಡ, ಒಣಗಲು ಬಿಡು ಎಂದು ಹೇಳಿ ಅಡುಗೆಮನೆಗೆ ಕಳಿಸಿ ನಾನು ಮಲಗಿದೆ. ಎದ್ದು ಬೆಳಕಿಗೆ ಹಿಡಿದು ನೋಡಿದರೆ ಹಕ್ಕಿ ಇದೆ, ಹಣ್ಣು ಇದೆ, ಗೂಡಿನ ಸೀಳೇ ಇಲ್ಲ! ಕಪ್ಪು ಸೀಳು ನೆಗೆಟಿವ್‌ನಲ್ಲಿ ಬಿಳಿಯಾಗಿ ಕಾಣುತ್ತದಲ್ಲ, ಅದನ್ನು ಕಲೆ ಎಂದುಕೊಂಡು ಅವಳು ಪೆನ್ಸಿಲಿನಿಂದ ತುಂಬಿಬಿಟ್ಟಿದ್ದಳು. ಎಡಕ್ಕೆ ವಾಲಿದ ಸಣ್ಣ ಸಣ್ಣ ಗೆರೆಗಳು, ತೊಗಟೆಗೆ ತೊಗಟೆ ಸೇರಿದಂತೆ.

"ಏನ ಮಾಡೀ ಇದನ್ನ? ಆ ಹಕ್ಕೀ ಬಾಗಲs ಮುಚ್ಚೀ ಅಲ್ಲ! ಒಳಗಿನಾಕಿ ಏನ ತಿನ್ನಬೇಕು?"

ಕೃಷ್ಣಾ ನಾಲಿಗೆ ಕಚ್ಚಿಕೊಂಡಳು. "ಬಿಳೀ ಕಲೆ ಕಂಡ್ರ ಕೈ ನಿಂದ್ರೂದs ಇಲ್ರಿ ಈಗೀಗ," ಎಂದಳು. ಅವಳ ಮುಖ ಯಾಕೆ ಅಷ್ಟೊಂದು ಬಾಡಿತು ಎಂದು ನನಗೆ ಅರ್ಥವಾಗಲಿಲ್ಲ. ಸಣ್ಣ ತಪ್ಪು ಅದು. ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಮೆಲ್ಲಗೆ ಸವರಿದೆ. ವಾರ್ನಿಶ್ ಕರಗಿ ಪೆನ್ಸಿಲೆಲ್ಲ ಹತ್ತಿಗೆ ಬಂತು, ಸೀಳು ಮತ್ತೆ ತೆರೆಯಿತು.

ಮಳೆಗಾಲ ಹಿಡಿದು ಮಿರಗದ ಮಳೆ ಬಂದ ಮೇಲೆ ಎರಡನೆಯ ಎಕ್ಸರೇ ತೆಗೆಸಿದೆವು. ಅಷ್ಟು ಹೊತ್ತಿಗೆ ಜ್ವರ ನಿಂತಿತ್ತು, ಅಂಗಿಯ ಕಾಲರು ಸರಿಯಾಗಿ ಕೂರುತ್ತಿತ್ತು. ಧಾರವಾಡಕ್ಕೆ ಹೋಗಿ ಸರಸುವನ್ನು ಕರೆತರುವ ಮಾತನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ. ಆದರೆ ಕೃಷ್ಣಾ ಮಗಳ ಪರಕಾರದ, ಎಂದರೆ ಲಂಗದ, ಹೊಲಿಗೆ ಬಿಚ್ಚಿ ಅಂಚು ಇಳಿಸುತ್ತಿದ್ದಳು, ಅವಳು ಬೆಳೆದಿರುತ್ತಾಳೆಂದು.

ದವಾಖಾನೆಯ ಬೆಂಚು ತುಂಬಿತ್ತು. ಕೊಡೆಗಳಿಂದ ನೀರು ಸೋರಿ ನೆಲವೆಲ್ಲ ಒದ್ದೆ. ಎಲ್ಲರ ತೊಡೆಯ ಮೇಲೂ ಒಂದೊಂದು ದೊಡ್ಡ ಕಂದು ಲಕೋಟೆ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೃಷ್ಣಾಳ ಬಳಿ ಎರಡು ಲಕೋಟೆಗಳಿದ್ದವು. ಹಳೆಯ ಪ್ಲೇಟನ್ನು ಅವಳೇ ಟ್ರಂಕಿನಿಂದ ತೆಗೆದು ತಂದಿದ್ದಳು. ಮೊದಲ ದಿನದ ನಂತರ ನಾನು ಅದನ್ನು ನೋಡಿರಲಿಲ್ಲ, ನೋಡುವ ಧೈರ್ಯವೂ ಇರಲಿಲ್ಲ. ಅವಳು ಅದನ್ನು ಎದೆಗೆ ಒತ್ತಿ ಹಿಡಿದಿದ್ದ ರೀತಿ ನೋಡಿ, ನನಗಿಂತ ಅವಳಿಗೇ ಹೆದರಿಕೆ ಹೆಚ್ಚು ಎಂದುಕೊಂಡೆ.

ಹೊಸ ಡಾಕ್ಟರರು ಬೆಳಗಾವಿ ಕಡೆಯವರು. ನಮ್ಮ ಮರಾಠಿ ಕೇಳಿದ ಕೂಡಲೇ ಕನ್ನಡಕ್ಕೆ ಹೊರಳಿದರು. ನನ್ನನ್ನು ಅವರು ನೋಡುತ್ತಿದ್ದುದು ಅದೇ ಮೊದಲು. ದೀಪದ ಪೆಟ್ಟಿಗೆಯ ಗಾಜಿಗೆ ಎರಡೂ ಪ್ಲೇಟುಗಳನ್ನು ಪಕ್ಕಪಕ್ಕ ಸಿಕ್ಕಿಸಿದರು. ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದರು. ಅವರ ಮುಖ ಗಂಭೀರವಾಯಿತು.

"ನಿಮಗ ಹಗರ ಅನಸ್ತದ, ಖರೆ. ಆದ್ರ ನೋಡ್ರಿ," ಎಂದರು. "ಹಳೇದ್ರಾಗ ಸಣ್ಣ ಮಬ್ಬು ಅಷ್ಟs ಅದ. ಹೊಸಾದ್ರಾಗ ಕಲೆ ಚೊಕ್ಕ ಕಾಣಸ್ತದ. ಅಂದ್ರ ಬ್ಯಾಸಗಿಯೊಳಗ ಬೆಳದದ. ಏನ ಮಾಡಿದ್ರಿ ನೀವು ಬ್ಯಾಸಗಿಯೊಳಗ?"

"ಬಂಡ್ ಗಾರ್ಡನ್ನಿನೊಳಗ ಅಡ್ಡಾಡಿದ್ವಿರಿ. ಹಕ್ಕೀ ಫೋಟೋ..."

"ಅಡ್ಡಾಡೂದು ಬಂದ್ ಮಾಡ್ರಿ. ಮೀರಜಕ್ಕ ಚೀಟಿ ಬರಕೊಡ್ತೀನಿ. ಪಕ್ಕೆಲುಬು ತಗಸಬೇಕಾಗ್ತದ. ಮನ್ಯಾಗ ಸಣ್ಣ ಹುಡುಗ್ರು ಇಲ್ಲಲ್ಲ?"

ನಾನು ಕುರ್ಚಿಯ ತೋಳು ಹಿಡಿದುಕೊಂಡೆ. ಮೊದಲು ನೆನಪಾದದ್ದು ಸರಸುವಿನ ಪರಕಾರ. ಆಮೇಲೆ ಆ ಹುಣಸೆಮರ. ಹಾಳು ಹಕ್ಕಿಯ ಹಿಂದೆ ಬಿದ್ದು ಎದೆ ಕೆಡಿಸಿಕೊಂಡೆನೇ? ಮಲಗಿಕೊಂಡೇ ಇದ್ದರೆ ಚೆನ್ನಾಗಿತ್ತೇ? ಇಷ್ಟು ದಿನದ ದಣಿವೆಲ್ಲ ಒಮ್ಮೆಲೇ ಮೈಮೇಲೆ ಬಂದಂತಾಯಿತು. ಇನ್ನು ನನ್ನ ಕೈಲಾಗದು, ಮೀರಜವೂ ಬೇಡ, ಏನೂ ಬೇಡ ಎಂದುಕೊಂಡೆ.

ಹಾಗೆ ಅಂದುಕೊಳ್ಳುತ್ತಲೇ ಹಳೆಯ ಪ್ಲೇಟನ್ನು ನೋಡುತ್ತಿದ್ದೆ. ನನ್ನ ನೆನಪಿನಲ್ಲಿದ್ದ ಹಿಂಜಿದ ಹತ್ತಿ ಅಲ್ಲಿರಲಿಲ್ಲ. ಹೆದರಿದವನ ಕಣ್ಣು ಅವತ್ತು ದೊಡ್ಡದಾಗಿ ಕಂಡಿತ್ತೇನೋ ಎಂದು ಒಂದು ಕ್ಷಣ ಅನಿಸಿತು. ಆದರೆ ನಾನು ಮುಖ ತಿದ್ದುವವನು. ಕುರ್ಚಿಯಿಂದ ಎದ್ದು ಹತ್ತಿರ ಹೋದೆ. ತಲೆ ವಾಲಿಸಿ ಓರೆಯಿಂದ ನೋಡಿದೆ. ಕೊರಳ ಎಲುಬಿನ ಕೆಳಗೆ ಪೆನ್ಸಿಲಿನ ಸೀಸದ ಮಿನುಗು. ಸಣ್ಣ ಸಣ್ಣ ಗೆರೆಗಳು, ಲೆಕ್ಕವಿಲ್ಲದಷ್ಟು, ಒಂದರ ಪಕ್ಕ ಒಂದು ತಾಳ್ಮೆಯಿಂದ ಕೂರಿಸಿದ್ದು. ಎಲ್ಲವೂ ಎಡಕ್ಕೆ ವಾಲಿದ್ದವು.

ತಿರುಗಿ ಕೃಷ್ಣಾಳನ್ನು ನೋಡಿದೆ. ಅವಳು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

"ಡಾಕ್ಟರ್ರ," ಎಂದೆ, "ನಿಮ್ಮಲ್ಲೆ ಟರ್ಪೆಂಟೈನ್ ಅದ ಏನ್ರಿ? ಮತ್ತ ಒಂದೀಟು ಹತ್ತಿ."

"ಟರ್ಪೆಂಟೈನ್? ಯಾಕ?"

"ನನ್ನ ಎದೀ ಒರಸಬೇಕಾಗ್ಯದ್ರಿ."

ಅವರು ನನಗೆ ತಲೆ ಕೆಟ್ಟಿತೆಂದು ತಿಳಿದಿರಬೇಕು. ಆಗ ಕೃಷ್ಣಾ ಬಾಯಿಬಿಟ್ಟಳು. "ನಾ ತುಂಬೀನ್ರಿ ಅದನ್ನ," ಎಂದಳು. "ಮಂದೀ ಮಾರೀ ಮ್ಯಾಲಿನ ಕಲೆ ತುಂಬತೀನಿ, ಹೋಗ್ತಾವ. ಇವರದೊಂದು ಯಾಕ ಹೋಗಬಾರದು ಅನಸ್ತು. ನೇಮಾ ಹಿಡದೆ. ಚಾತುರ್ಮಾಸದಾಗ ದೇವರ ಮುಂದ ದಿನಾ ಇಷ್ಟು ಅಂತ ರಂಗೋಲಿ ಹಾಕ್ತೀವಲ್ರಿ, ಹಂಗ. ದಿನಾ ಮಧ್ಯಾಹ್ನ ಸ್ನಾನಾ ಮಾಡಿ, ಒಪ್ಪತ್ತಿನಾಗ ಇದ್ದು, ಒಂದೀಟು ಒಂದೀಟು ತುಂಬಿದೆ. ಪ್ಲೇಟ್ ತುಂಬಿದ ದಿನಾ ಒಳಗೂ ತುಂಬತದ ಅಂತ ಮಾಡಿದ್ದೆ. ಯಾರಿಗೂ ಮೋಸಾ ಮಾಡಬೇಕಂತ ಅಲ್ರಿ."

ಡಾಕ್ಟರರು ಹಳೆಯ ಪ್ಲೇಟನ್ನು ಗಾಜಿನಿಂದ ಬಿಡಿಸಿ ಓರೆ ಹಿಡಿದು ನೋಡಿದರು. ಕಂಪೌಂಡರನನ್ನು ಕೂಗಿ, ಶಾಖ ಕೊಡಲು ಇಟ್ಟಿದ್ದ ಟರ್ಪೆಂಟೈನಿನ ಶೀಸೆ ತರಿಸಿದರು. ಪ್ಲೇಟನ್ನು ಮೇಜಿನ ಮೇಲೆ ಹಾಸಿ, ಹತ್ತಿ ಅದ್ದಿ, ಸವರಲು ಹೋದವನು ಒಂದು ಗಳಿಗೆ ತಡೆದೆ. ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ. ಇಷ್ಟು ಚೊಕ್ಕವಾದ ತಿದ್ದುವಿಕೆಯನ್ನು ನಾನು ಕಂಡಿರಲಿಲ್ಲ. ಪಕ್ಕೆಲುಬುಗಳ ಅಂಚನ್ನು ಒಂದಿಷ್ಟೂ ಕೆಡಿಸದೆ, ನಡುವಿನ ಬಿಳಿಯನ್ನಷ್ಟೇ ತುಂಬಿದ್ದಳು. ಅವಳ ಒಂದು ಬೇಸಿಗೆಯ ಮಧ್ಯಾಹ್ನಗಳೆಲ್ಲ ಅಲ್ಲಿದ್ದವು. ನಾನು ಅದರ ಸದ್ದು ಕೇಳುತ್ತ ನಿದ್ದೆ ಹೋಗಿದ್ದೆ.

ಒರೆಸಿದೆ. ಹತ್ತಿ ಕಪ್ಪಾಯಿತು. ಇನ್ನೊಂದು ಹತ್ತಿ, ಅದೂ ಕಪ್ಪಾಯಿತು. ಮೆಲ್ಲಮೆಲ್ಲಗೆ ಆ ಕಲೆ ಹೊರಗೆ ಬಂತು, ಮೊದಲ ದಿನ ಮೊಗಸಾಲೆಯ ಕಿಟಕಿಯಲ್ಲಿ ಕಂಡ ಅದೇ ಕಲೆ, ಅಷ್ಟೇ ದೊಡ್ಡದು, ಅಷ್ಟೇ ಬಿಳಿ. ನನ್ನ ರೋಗ ವಾಪಸು ಬಂದದ್ದನ್ನು ನೋಡಿ ನನಗೆ ಸಂತೋಷವಾದದ್ದು ಅದೊಂದೇ ಸಲ.

ಡಾಕ್ಟರರು ಪ್ಲೇಟನ್ನು ಮತ್ತೆ ಗಾಜಿಗೆ ಸಿಕ್ಕಿಸಿದರು. ಹಳೆಯದರ ಮೇಲೆ ಅಂಗೈ ಇಟ್ಟರು, ಹೊಸದರ ಮೇಲೆ ಹೆಬ್ಬೆರಳಿಟ್ಟರು. "ಇಷ್ಟಿತ್ತು," ಎಂದರು. "ಇಷ್ಟಾಗ್ಯದ." ಆಮೇಲೆ ಬರೆಯುತ್ತಿದ್ದ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದರು. "ಅಡ್ಡಾಡ್ರಿ. ಹಕ್ಕೀ ನೋಡ್ರಿ. ಹುಡುಗೀನ್ನ ಈಗs ತರಬ್ಯಾಡ್ರಿ. ಈ ಕಲೆ ಪೂರಾ ಆರಲಿ, ದೀಪಾವಳಿ ಮುಂದ ಕಫಾ ತಪಾಸ್ಣೀ ಮಾಡಿ ಹೇಳ್ತೀನಿ." ಕೃಷ್ಣಾಳ ಕಡೆ ತಿರುಗಿ, "ಬಾಯೀ, ಹೊಸಾ ಪ್ಲೇಟ್ ನನ್ನ ಕಡೆ ಇರಲಿ," ಎಂದರು. ಅವರು ನಕ್ಕದ್ದು ಅಲ್ಲಿ ಮಾತ್ರ.

ಟಾಂಗಾದಲ್ಲಿ ಅವಳು ಒಂದೇ ಸಮನೆ ಅತ್ತಳು. ಮಳೆಗೆ ಪರದೆ ಇಳಿಬಿಟ್ಟಿದ್ದರಿಂದ ಯಾರಿಗೂ ಕಾಣಲಿಲ್ಲ.

"ನನ್ನ ಕೈಯಾರೆ ನಿಮ್ಮನ್ನ ಮೀರಜಕ್ಕ ಕಳಸ್ತಿದ್ದೆ. ಇದ್ದ ಎಲುಬು ಕೊಯಿಸ್ತಿದ್ದೆ. ಎಂಥಾ ನೇಮಾ ನಂದು! ಎಲ್ಲಾ ಫುಕಟ್ ಹೋತು, ಒರಸಿ ಹಾಕಿದ್ರಿ."

"ಹಳೇ ಪ್ಲೇಟಿಂದು ನಾ ಒರಸಿದೆ," ಎಂದೆ. "ಹೊಸಾದ್ರಾಗ ಅರ್ಧಾಕ್ಕಿಂತ ಹೆಚ್ಚು ತುಂಬೇದಲ್ಲ, ಅದನ್ನ ಯಾರು ತುಂಬಿದ್ರು?"

ಮೀನೆಣ್ಣೆ ತುಂಬಿತೋ, ಹಾಲು ತುಂಬಿತೋ, ನದಿಯ ಗಾಳಿ ತುಂಬಿತೋ, ನನಗೆ ಗೊತ್ತಿಲ್ಲ. ಇಂದಿಗೂ ಗೊತ್ತಿಲ್ಲ. ಅವಳ ಕೈಯನ್ನು ನಾನು ಹಿಡಿದುಕೊಂಡೆ. ಆ ರೋಗ ಬಂದ ಮೇಲೆ ನಾನಾಗಿ ಅವಳನ್ನು ಮುಟ್ಟಿದ್ದು ಆಗಲೇ. ಬೆರಳುಗಳ ತುದಿ ಸೀಸದಿಂದ ಕಪ್ಪಾಗಿದ್ದವು, ಎಷ್ಟು ತೊಳೆದರೂ ಹೋಗದಂಥ ಕಪ್ಪು.

ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಬಂಡ್ ಗಾರ್ಡನ್ನಿಗೆ ಹೋದಾಗ ಹುಣಸೆಮರದ ಪೊಟರೆ ಒಡೆದು ಬಾಯಿ ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಮರದ ಬುಡದಲ್ಲಿ ಬೀಜಗಳ ರಾಶಿ ಬಿದ್ದಿತ್ತು. ನನಗೆ ಸ್ವಲ್ಪ ಬೇಸರವಾಯಿತು, ಹೇಳದೆ ಹೋದರಲ್ಲ ಎಂದು.

ದೀಪಾವಳಿಗೆ ಕಫದ ತಪಾಸಣೆ ಚೆನ್ನಾಗಿ ಬಂತು. ಅತ್ತೆಯವರು ಸರಸುವನ್ನು ಕರೆತಂದರು. ಅವಳು ಎತ್ತರವಾಗಿದ್ದಳು. ಅಂಚು ಇಳಿಸಿದ ಪರಕಾರವೂ ಮೇಲಾಗಿತ್ತು. ಓಡಿ ಬಂದವಳು ನನ್ನ ಕೋಣೆಯ ಹೊಸ್ತಿಲಿಗೆ ಬಂದು ತಟ್ಟನೆ ನಿಂತಳು, ಅಲ್ಲಿಂದಲೇ ಕೈ ಮುಗಿದಳು. ಒಂದು ವರ್ಷ ಅವಳಿಗೆ ಕಲಿಸಿದ್ದು ಅದನ್ನೇ. ಬಾ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ. ಡಾಕ್ಟರರು ಹೂಂ ಎಂದಿದ್ದರೂ, ನನ್ನ ಎದೆಯನ್ನು ನಾನೇ ನಂಬಲಾರದೆ ಹೋಗಿದ್ದೆ.

ಅವಳ ಕಣ್ಣು ನನ್ನ ತಲೆಯ ಮೇಲಿನ ಗೋಡೆಗೆ ಹೋಯಿತು. ಮಾಲಕರು ಚೌಕಟ್ಟು ಹಾಕಿಸಿ ಕೊಟ್ಟ ಹಕ್ಕಿಯ ಫೋಟೋ ಅಲ್ಲಿತ್ತು.

"ಅವ್ವಾ, ಆ ಗಿಡದಾಗ ಕರೇ ಗೆರಿ ಬಿದ್ದದಲ್ಲ, ಅದನ್ಯಾಕ ತಿದ್ದಿಲ್ಲ?" ಎಂದು ಕೇಳಿದಳು. ಹೆತ್ತವರ ಕಸುಬು ಮಗುವಿನ ಕಣ್ಣಿಗೂ ಬಂದಿತ್ತು.

ಕೃಷ್ಣಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಅದು ಹಂಗs ಇರಬೇಕವಾ," ಎಂದಳು. "ಒಳಗ ಒಂದು ಹಕ್ಕಿ ಅದ. ಊಟಾ ಅಲ್ಲಿಂದs ಕೊಡೂದು."

"ಒಳಗಿನ ಹಕ್ಕಿ ಹೊರಗ ಬಂತೇನು ಆಮ್ಯಾಲೆ?"

ಕೃಷ್ಣಾ ನನ್ನ ಕಡೆ ನೋಡಿದಳು. "ಹೇಳ್ರಿ. ಬಂತೇನು?"

"ಬಂತು," ಎಂದೆ.

ಸರಸು ಹೊಸ್ತಿಲು ದಾಟಿ ಒಳಗೆ ಬಂದಳು.